ಬಾನೆಟ್ಟಿನ ಮೇಲೆ ಕೆನ್ನೆ

ಹೋದ ವಾರ ನವನಗರದ ಗ್ಯಾರೇಜೊಂದರಲ್ಲಿ ಕುಳಿತಿದ್ದೆ. ಕುಳಿತಿದ್ದೆ ಎಂದರೆ ಸುಳ್ಳು. ನನಗೆ ಕೂಡಲು ಬರುವುದಿಲ್ಲ, ಎಪ್ಪತ್ತು ದಾಟಿದರೂ ಕಾಲು ಕುಣಿಯುತ್ತಲೇ ಇರುತ್ತದೆ. ಅತ್ತಿತ್ತ ಅಡ್ಡಾಡುತ್ತಿದ್ದವನ ಮುಂದೆ ಮೆಕ್ಯಾನಿಕ್ ಯಾರದೋ ಕಾರಿನಿಂದ ಬಿಚ್ಚಿದ ಫೌಂಡೇಶನ್ ರಬ್ಬರನ್ನು ನೆಲಕ್ಕೆ ಎಸೆದ. ಇಂಜಿನ್ನನ್ನು ಕಾರಿನ ಮೈಗೆ ಹಿಡಿದು ಕೂರಿಸುವ, ಅಂಗೈಯಗಲದ ಕರಿ ತುಂಡು ಅದು. ಕಾದ ರಬ್ಬರು, ಹಳೆಯ ಆಯಿಲ್ಲು ಕೂಡಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಮತಗಿಯ ತಗಡಿನ ಶೆಡ್ಡು ನೆನಪಾಯಿತು... ಅದರೊಳಗೆ ಗಾಡಿ ರಿಪೇರಿ ಮಾಡುತ್ತಿದ್ದ ಮಿಸ್ತ್ರಿಯವರೂ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಹುನಗುಂದದ ಕೋರ್ಟಿನಲ್ಲಿ ಹೊಸ ವಕೀಲ. ಕೇಸು ಕಡಿಮೆ, ಹುಚ್ಚು ಜಾಸ್ತಿ. ಅಪಘಾತದಲ್ಲಿ ಮುಖ ಜಜ್ಜಿಸಿಕೊಂಡಿದ್ದ ಹಳೆಯ ಕಾರೊಂದನ್ನು ತಂದು, ಓಟದ ಕಾರು ಮಾಡಿಯೇ ತೀರುತ್ತೇನೆಂದು ಹಟ ಹಿಡಿದಿದ್ದೆ. ಹುಬ್ಬಳ್ಳಿ ಕಡೆಯ ಗೆಳೆಯರು ಹಳ್ಳಿ ರಸ್ತೆಗಳಲ್ಲಿ ಕಾರಿನ ಓಟ ಇಟ್ಟುಕೊಂಡಿದ್ದರು. ಕಾರು ಬಿಟ್ಟಿದ್ದು ಕಮತಗಿಯ ಆ ಶೆಡ್ಡಿನಲ್ಲಿ; ರವಿವಾರ ಬಂತೆಂದರೆ ಬಸ್ಸು ಹಿಡಿದು ಅಲ್ಲಿಗೆ ಓಡುತ್ತಿದ್ದೆ.

ಮಿಸ್ತ್ರಿಯವರಿಗೆ ಆಗ ಐವತ್ತರ ಆಸುಪಾಸು. ಮೂಲ ಇಳಕಲ್ಲಿನವರು. ಇಂಜಿನ್ ಚಾಲೂ ಮಾಡಿಸಿ, ಬಾನೆಟ್ಟಿನ ಮೇಲೆ ಟವೆಲ್ಲು ಹಾಸಿ, ಅದರ ಮೇಲೆ ಕೆನ್ನೆ ಇಟ್ಟು ಕಣ್ಣು ಮುಚ್ಚುತ್ತಿದ್ದರು. ಸಣ್ಣ ನಟ್ಟುಗಳನ್ನು ತುಟಿಗೆ ತಾಗಿಸಿ, ಒಳಗಿನ ಸುರುಳಿ ಸವೆದಿದೆಯೋ ಇಲ್ಲವೋ ನೋಡುತ್ತಿದ್ದರು. ಗಿರಾಕಿಗಳನ್ನು ಮರುಳು ಮಾಡುವ ನಾಟಕ ಎಂದುಕೊಂಡಿದ್ದೆ. "ಏನ್ರಿ ಮಿಸ್ತ್ರಿ, ಮುತ್ತು ಕೊಟ್ಟ ನಟ್ ಕೂಡಿಸ್ತೀರೇನು?" ಎಂದು ಚೇಷ್ಟೆ ಮಾಡಿದರೆ ನಕ್ಕು ಮತ್ತೆ ಕೆಲಸಕ್ಕೆ ಬಗ್ಗುತ್ತಿದ್ದರು.

ಇಂಜಿನ್ ಕಟ್ಟಿ ಮುಗಿಯಿತು. ಮೊದಲಿಗಿಂತ ಬಹಳ ಜೋರಿನ ಇಂಜಿನ್ನು. ಅದನ್ನು ಕಾರಿಗೆ ಮೊದಲಿದ್ದ ಮೆತ್ತನೆಯ ರಬ್ಬರಿನ ಮೇಲೆಯೇ ಕೂರಿಸಿದಾಗ, ಎಕ್ಸಿಲರೇಟರ್ ತುಳಿದೊಡನೆ ಒಂದು ಮಗ್ಗುಲಿಗೆ ಎದ್ದು, ಫ್ಯಾನು ರೇಡಿಯೇಟರಿಗೆ ತಾಗಿತು. ಕಲ್ಲು ಪುಡಿ ಮಾಡುವ ಯಂತ್ರದ ಹಳೆಯ ಬೆಲ್ಟಿನ ಪಟ್ಟಾ ಇದೆ, ಅದರಿಂದ ಗಟ್ಟಿ ರಬ್ಬರು ಕತ್ತರಿಸಿ ಹಾಕೋಣ ಎಂದರು ಮಿಸ್ತ್ರಿಯವರು. ನಾನೋ ಯಾವುದೋ ಇಂಗ್ಲಿಷ್ ಪತ್ರಿಕೆ ಓದಿಕೊಂಡು ಬಂದಿದ್ದೆ. ಓಟದ ಕಾರಿಗೆ ರಬ್ಬರೇ ಬೇಡ, ಕಬ್ಬಿಣದ ತುಂಡು ಇಟ್ಟು ನೇರ ಬೋಲ್ಟು ಬಿಗಿಯಬೇಕು ಎಂದು ಅದರಲ್ಲಿತ್ತು.

"ಇಂಜಿನ್ ಅಂದ್ರ ನಡುಗೂದ ರೀ ವಕೀಲ್ರ," ಎಂದರು. "ಆ ನಡುಕ ರಬ್ಬರ್ ತಿನ್ನಲಿಲ್ಲಂದ್ರ ನಿಮ್ಮ ಕೈ ತಿಂತೈತಿ."

"ಓಟಕ್ಕ ಎಂಟ ದಿನ ಉಳದಾವ. ಕಬ್ಬಿಣ ಹಾಕ್ರಿ," ಎಂದೆ.

ಹಾಕಿದರು. ನಾನು ಬಾದಾಮಿ ರಸ್ತೆ ಹಿಡಿದೆ. ಕಾಲಿಟ್ಟರೆ ಸಾಕು, ಕಾರು ಮುಂದಕ್ಕೆ ಜಿಗಿಯುತ್ತಿತ್ತು. ಖುಷಿಗೆ ಒಬ್ಬನೇ ಕೂಗಿಕೊಂಡೆ. ಆಮೇಲೆ ನಡುಕಕ್ಕೆ ಕನ್ನಡಿಯಲ್ಲಿ ರಸ್ತೆ ಕಾಣದಾಯಿತು. ಹಲ್ಲು ಕಟಕಟ ಎಂದವು. ಸ್ಟೇರಿಂಗ್ ಹಿಡಿದ ಬೆರಳುಗಳು ಜುಮ್ಮೆಂದು, ಕಡೆಗೆ ಜುಮ್ಮೆನ್ನುವುದನ್ನೂ ಬಿಟ್ಟವು. ಆದರೂ ಬಾದಾಮಿ ಮುಟ್ಟಿಯೇ ತಿರುಗಿದೆ. ಹಟ ಅಷ್ಟಿತ್ತು.

ಶೆಡ್ಡಿಗೆ ಬಂದು ಇಳಿದಾಗ ಮಿಸ್ತ್ರಿಯವರು ಎದ್ದು ಬಂದರು. ನೆಲದ ಮೇಲೆ ಒಂದು ತೆಳ್ಳನೆಯ ವಾಷರ್ ಇಟ್ಟು "ಎತ್ರಿ" ಎಂದರು. ಮೂರು ಸಲ ಜಾರಿತು.

"ನಿಮ್ದು ಸಂಜೀತನಕ ಸರಿ ಆಗತೈತಿ. ನಂದು ಆಗಲಿಲ್ಲ," ಎಂದರು.

ಇಳಕಲ್ಲಿನ ಕಲ್ಲು ಗಣಿಯಲ್ಲಿ ಹನ್ನೊಂದು ವರ್ಷ ಡ್ರಿಲ್ಲು ಹಿಡಿದು ಬಂಡೆಗೆ ತೂತು ಹೊಡೆದಿದ್ದರಂತೆ. ಅದರ ನಡುಕ ತಿಂದ ಎರಡೂ ಕೈಯ ಬೆರಳುಗಳಿಗೆ ಬಿಸಿ, ತಂಪು, ಚೂಪು ಯಾವುದೂ ತಿಳಿಯುತ್ತಿರಲಿಲ್ಲ. ಅದಕ್ಕೇ ಕೆನ್ನೆ, ಅದಕ್ಕೇ ತುಟಿ. "ಯಾರ ಮುಂದೂ ಹೇಳಬ್ಯಾಡ್ರಿ. ಕೈ ಸತ್ತಾವ ಅಂತ ಗೊತ್ತಾದ್ರ ನನ್ನ ಕಡೆ ಗಾಡಿ ಯಾರ ಬಿಡ್ತಾರ?"

ನಾನು ಮಾಡಿದ ಚೇಷ್ಟೆಯೆಲ್ಲ ನೆನಪಾಗಿ ನಾಚಿಕೆಯಾಯಿತು. ತಲೆಯಾಡಿಸಿದೆ. ಮರುದಿನವೇ ಕಬ್ಬಿಣ ತೆಗೆದು ಪಟ್ಟಾದ ರಬ್ಬರು ಹಾಕಿದರು. ಓಟದಲ್ಲಿ ಎರಡನೆಯವನಾಗಿ ಬಂದೆ.

ಅಲ್ಲಿಗೆ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಓಟ ಮುಗಿಸಿ ಕೋರ್ಟಿಗೆ ಹೋದ ದಿನ ವಕೀಲರೆಲ್ಲ ಸುತ್ತ ಕೂತು ಕೇಳಿದಾಗ ನನ್ನ ಬಾಯಿ ನಿಲ್ಲಲಿಲ್ಲ. ಹೊಗಳಬೇಕೆಂದೇ ಹೇಳಿದೆ: ಬೆರಳಿಗೆ ಸ್ಪರ್ಶವೇ ಇಲ್ಲ, ಆದರೂ ಇಂಥ ಕೆಲಸ ಮಾಡುತ್ತಾರೆ ನೋಡಿ, ಎಂದು. ಎಲ್ಲರೂ ಭೇಷ್ ಅಂದರು. ಆಗ ನಾನು ಎಷ್ಟು ಹಿಗ್ಗಿದ್ದೆ ಎಂಬುದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಆ ಮಾತು ನನಗಿಂತ ಮೊದಲು ಬಸ್ಸು ಹತ್ತಿ ಕಮತಗಿ ಮುಟ್ಟಿತು. ಕೈಗೆ ಏನೂ ತಿಳಿಯದವನು ಬ್ರೇಕು ಹೇಗೆ ಬಿಗಿಯುತ್ತಾನೆ ಎಂದು ಲಾರಿಯವರು ಹಿಂಜರಿದರು. ಆಮೇಲೆ ಜೀಪಿನವರೂ...

ದೀಪಾವಳಿ ಹೊತ್ತಿಗೆ ಹೋದಾಗ ಶೆಡ್ಡಿನಲ್ಲಿ ಒಂದೂ ಗಾಡಿ ಇರಲಿಲ್ಲ. ಮಿಸ್ತ್ರಿಯವರು ಪಾನಾ, ಸ್ಕ್ರೂಡ್ರೈವರುಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದರು. ತಪ್ಪಾಯಿತು ಎನ್ನಲು ಬಾಯಿ ತೆರೆದೆ.

"ನಿಮ್ದೇನಿಲ್ರಿ ವಕೀಲ್ರ," ಎಂದರು. "ನಿಮ್ಮ ಮುಂದ ಹೇಳಿದಾಂವ ನಾನ."

ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಬೈಸಿಕೊಂಡು ಹಗುರಾಗುತ್ತಿದ್ದೆ. ಅವರು ಇಳಕಲ್ಲಿಗೆ ಹಿಂದಿರುಗಿ, ಅದೇ ಗಣಿಯಲ್ಲಿ ಕಾವಲುಗಾರರಾಗಿ ಸೇರಿದರು ಎಂದು ಕೇಳಿದೆ. ಹೋಗಿ ಕಾಣಬೇಕೆಂದುಕೊಂಡೆ... ಒಂದು ಕಡೆ ನಿಲ್ಲದೆ ಊರೆಲ್ಲ ತಿರುಗುವ ನನಗೆ, ಹುನಗುಂದದಿಂದ ಇಳಕಲ್ಲಿಗೆ ಇರುವ ಅರ್ಧ ಗಂಟೆಯ ದಾರಿ ಮಾತ್ರ ದೂರವಾಯಿತು. ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡ ಸುದ್ದಿಯನ್ನು ನನ್ನ ಕಕ್ಷಿದಾರನೊಬ್ಬ ಬೇರೆ ಯಾವುದೋ ಮಾತಿನ ನಡುವೆ ಹೇಳಿದ. ಆಗಲೇ ತಿಂಗಳು ಕಳೆದಿತ್ತು.

ನವನಗರದ ಆ ಮೆಕ್ಯಾನಿಕ್ ನಾನು ನಿಂತ ರೀತಿ ನೋಡಿ, "ಯಾಕ್ರಿ ಕಾಕಾ, ಯಾರರ ನೆನಪಾದ್ರೇನು?" ಎಂದ. ಪೂರ್ತಿ ಹೇಳಿಬಿಡಲು ನಾಲಿಗೆ ತುದಿಯವರೆಗೆ ಬಂದಿತ್ತು. ಕಳ್ಳರು, ಸುಳ್ಳರು ನಂಬಿ ಹೇಳಿದ ಗುಟ್ಟುಗಳನ್ನೆಲ್ಲ ನಲವತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡವನು ನಾನು. ಆ ಒಬ್ಬರದನ್ನು ಹದಿನೈದು ದಿನ ಇಟ್ಟುಕೊಳ್ಳಲಾಗಲಿಲ್ಲ.

"ಕಮತಗ್ಯಾಗ ಒಬ್ರು ಮಿಸ್ತ್ರಿ ಇದ್ರೋ," ಎಂದೆ. "ಭಾಳ ಛಲೋ ಕೆಲಸ."

ಅಷ್ಟಕ್ಕೇ ನಿಲ್ಲಿಸಿದೆ. ಈಗ ಬರೆಯುವಾಗಲೂ ಅವರ ಹೆಸರು ಬರೆದಿಲ್ಲ.