ಗುರುತು ಹಾಕದ ಹಾಳೆ

ನನ್ನ ತಂಗಿ ಕುಶಾಲನಗರದ ಒಂದು ಸಣ್ಣ ಕಚೇರಿಯಲ್ಲಿ ಕೆಲಸಕ್ಕಿದ್ದಳು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಶನಿವಾರಸಂತೆಯಲ್ಲಿ ಪಿಕಪ್ ಓಡಿಸುತ್ತೇನೆ. ಅವಳದೇನು ಕೆಲಸ ಎಂದು ಯಾರಾದರೂ ಕೇಳಿದರೆ ಮಳೆಯ ಆ್ಯಪ್ ಮಾಡುತ್ತಾಳೆ ಎನ್ನುತ್ತಿದ್ದೆ. ನಮ್ಮ ಕಡೆ ತೋಟ ಇರುವವರು ದಿನಾ ಬೆಳಿಗ್ಗೆ ಎಷ್ಟು ಇಂಚು ಮಳೆಯಾಯಿತೆಂದು ಅಳೆದು ಬರೆದಿಡುತ್ತಾರೆ. ಅಜ್ಜನ ಕಾಲದ ಪುಸ್ತಕಗಳೂ ಕೆಲವರ ಮನೆಯಲ್ಲಿವೆ. ಅವನ್ನೆಲ್ಲ ಕಂಪ್ಯೂಟರಿಗೆ ಹತ್ತಿಸಿ, ಫೋನಿನಲ್ಲಿ ನೋಡುವ ಹಾಗೆ ಮಾಡುವುದು ಅವರ ಕಚೇರಿಯ ಕೆಲಸ.

ಆ ಸಾಫ್ಟ್‌ವೇರ್ ಹೇಗೆ ನಡೆಯುತ್ತದೆ ಅನ್ನುವುದು ಅಲ್ಲಿ ಇಬ್ಬರ ತಲೆಯಲ್ಲಿ ಮಾತ್ರ ಇತ್ತಂತೆ. ಹೊಸಬರು ಬಂದರೆ ಪ್ರತಿಯೊಂದಕ್ಕೂ ಅವರನ್ನೇ ಕೇಳಬೇಕು. ಬರೆದಿಟ್ಟ ವಿವರಣೆ ಇತ್ತು, ಆದರೆ ಅರೆಬರೆ. ಇದನ್ನು ಸರಿಮಾಡಲು ಎಲ್ಲರೂ ಕೂತು ಒಂದು ದಿನದ ಕಾರ್ಯಾಗಾರ ಮಾಡೋಣ ಎಂದವಳು ನನ್ನ ತಂಗಿ. ಮಾಲೀಕರು ಒಪ್ಪಿ, ನೀನೇ ನಡೆಸು, ಚೆನ್ನಾಗಿ ಆದರೆ ತಂಡದ ಜವಾಬ್ದಾರಿ ನಿನಗೇ ಎಂದರಂತೆ. ಆ ಮಾತು ಹೇಳುವಾಗ ಅವಳ ಮುಖ ನೋಡಬೇಕಿತ್ತು.

ಬಸ್ಸಿಳಿದು ಬಂದವಳು ಕಾಫಿ ಕುಡಿಯುತ್ತಲೇ ಅದರ ಯೋಜನೆ ಬರೆಯುತ್ತಿದ್ದಳು. ಬೆಳಿಗ್ಗೆ, ತಾವು ಹೊಸದಾಗಿ ಸೇರಿದಾಗ ಎಲ್ಲಿ ತಡಕಾಡಿದೆವೆಂದು ಒಬ್ಬೊಬ್ಬರೂ ಹೇಳುವುದು. ಆಮೇಲೆ, ಏನೂ ತಿಳಿಯದ ಒಬ್ಬರ ಕೈಗೆ ಒಂದು ಪುಟ ಕೊಟ್ಟು, ಅದನ್ನು ಬರೆದವರು ತುಟಿ ಬಿಚ್ಚದೆ ನೋಡುತ್ತ ಕೂರುವುದು. ಊಟದ ನಂತರ, ಆ ವ್ಯಕ್ತಿ ನಿಂತ ಕಡೆಯೆಲ್ಲ ತಿದ್ದಿ ಬರೆಯುವುದು. ಬಾಯಿ ಮುಚ್ಚಿಕೊಂಡು ಕೂರೋದೇ ನಮ್ಮವ್ರಿಗೆ ಕಷ್ಟ ಎಂದು ನಗುತ್ತಿದ್ದಳು.

ಅದಕ್ಕೆ ಮೊದಲು ಮನೆಯಲ್ಲೇ ಒಮ್ಮೆ ಪರೀಕ್ಷಿಸಬೇಕೆಂದುಕೊಂಡಳು. ಒಂದು ಭಾನುವಾರ ಅವಳು ಹಿತ್ತಲಲ್ಲಿ ಯಾರೊಡನೆಯೋ ಫೋನಿನಲ್ಲಿ ಮಾತಾಡುತ್ತಿದ್ದಳು. ನಾನು ಗಾಡಿ ತೊಳೆಯುತ್ತಿದ್ದೆ.

"ನಮ್ಮಣ್ಣ ಇದಾನಲ್ಲ, ಅವನಿಗೇನೂ ಗೊತ್ತಿಲ್ಲ. ಅವನೇ ಸರಿ."

ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಈಗ ಗೊತ್ತಾಗುತ್ತದೆ. ಅವತ್ತು ಮಾತ್ರ ಕಿವಿ ಬಿಸಿಯಾಯಿತು.

ಒಳಗೆ ಕರೆದು ಲ್ಯಾಪ್‌ಟಾಪ್ ಮುಂದೆ ಕೂರಿಸಿದಳು. ಹೊಸ ಮಳೆ ಲೆಕ್ಕ ಹತ್ತಿಸುವುದು ಹೇಗೆಂಬ ಪುಟವನ್ನು ನನಗಾಗಿ ಕನ್ನಡದಲ್ಲಿ ಬರೆದಿದ್ದಳು. ನಡುವಿನ ಇಂಗ್ಲಿಷ್ ಸಾಲುಗಳನ್ನು ನೋಡಿಕೊಂಡು ಹಾಗೇ ಒತ್ತಿದರೆ ಸಾಕಿತ್ತು. ಕೈಗೆ ಪೆನ್ಸಿಲ್ ಕೊಟ್ಟು, ಎಲ್ಲಿ ತಿಳಿಯಲ್ವೋ ಅಲ್ಲೊಂದು ಗುರುತು ಹಾಕು, ನಾನು ಇದ್ರೆ ನನ್ನ ಕೇಳ್ತೀಯ ಎಂದು ಹೊರಗೆ ಹೋದಳು.

ಎಂಟು ಸಾಲು ಹೇಗೋ ದಾಟಿದೆ. ಒಂಬತ್ತನೆಯದರಲ್ಲಿ ಹಳೆಯದನ್ನು ಅಳಿಸಿ ಎಂದಿತ್ತು. ಪರದೆಯ ಮೇಲೆ ಹೆಚ್ಚುಕಮ್ಮಿ ಒಂದೇ ಥರದ ಎರಡು ಫೈಲಿನ ಹೆಸರುಗಳಿದ್ದವು. ಯಾವುದು ಹಳೆಯದು? ಹಾಳೆಯಲ್ಲಿ ಇರಲಿಲ್ಲ. ಮತ್ತೆ ಮತ್ತೆ ಓದಿದೆ. ಪೆನ್ಸಿಲ್ ಕೈಯಲ್ಲೇ ಇತ್ತು. ಕೊನೆಗೆ ಕಣ್ಣಿಗೆ ಬಿದ್ದ ಒಂದನ್ನು ಒತ್ತಿಬಿಟ್ಟೆ. ಮುಂದಿನ ಸಾಲು ನಡೆಯಿತು.

ಅವಳು ಬಂದು ಹಾಳೆ ತಿರುಗಿಸಿ ನೋಡಿದಳು.

"ಒಂದೂ ಗುರುತಿಲ್ವಲ್ಲಣ್ಣ? ಎಲ್ಲೂ ನಿಲ್ಲಲಿಲ್ವಾ?"

"ಇಲ್ಲ. ಸಲೀಸಾಗಿ ಆಯ್ತು."

"ನಿಜವಾಗ್ಲೂ?"

"ಯಾಕೆ, ನಾನು ದಡ್ಡನಾಗಿದ್ರೇನೇ ನಿಂಗೆ ಅನುಕೂಲವಾ?"

ಅವಳು ಮತ್ತೆ ಕೇಳಲಿಲ್ಲ. ಆ ಪುಟ ಸರಿಯಾಗಿದೆ ಎಂದುಕೊಂಡು, ಕಾರ್ಯಾಗಾರದಲ್ಲಿ ಅದಕ್ಕಿಟ್ಟಿದ್ದ ಎರಡು ಗಂಟೆಯನ್ನು ಬೇರೊಂದು ಪುಟಕ್ಕೆ ಕೊಟ್ಟಳು.

ಕಾರ್ಯಾಗಾರದ ದಿನ ಊಟ ತಲುಪಿಸಲು ನಾನೇ ಹೋಗಿದ್ದೆ. ಪಾತ್ರೆ ಇಳಿಸುತ್ತಿದ್ದವನನ್ನು ಅವಳು ಒಳಗೆ ಕರೆದು, ಕಂಪ್ಯೂಟರ್ ಮುಟ್ಟದ ನಮ್ಮಣ್ಣ ಈ ಪುಟವನ್ನು ಯಾರನ್ನೂ ಕೇಳದೆ ಮುಗಿಸಿದ ಎಂದು ಎಲ್ಲರಿಗೂ ಹೇಳಿದಳು. ಅವರು ಚಪ್ಪಾಳೆ ತಟ್ಟಿದರು. ಮಾಲೀಕರು ಎದ್ದು ಬಂದು ನನ್ನ ಕೈ ಕುಲುಕಿದರು. ನಾನು ನಕ್ಕೆ. ಹಿಂದಿನ ಸಾಲಿನಲ್ಲಿ ಆ ವಾರವಷ್ಟೇ ಸೇರಿದ್ದ ಹುಡುಗಿಯೊಬ್ಬಳು ನನ್ನನ್ನೇ ನೋಡುತ್ತಿದ್ದಳು.

ಕೆಲವು ದಿನಗಳಲ್ಲಿ ಆ ಹುಡುಗಿಗೇ ಆ ಪುಟದ ಕೆಲಸ ಬಂತು. ಒಂಬತ್ತನೆಯ ಸಾಲಿನಲ್ಲಿ ಅವಳೂ ನಿಂತಳು. ಡ್ರೈವರ್ ಒಬ್ಬ ಕೇಳದೆ ಮಾಡಿದ್ದನ್ನು ಡಿಪ್ಲೊಮಾ ಓದಿದ ತಾನು ಹೇಗೆ ಕೇಳುವುದೆಂದು ಯಾರನ್ನೂ ಕೇಳಲಿಲ್ಲವಂತೆ. ನನ್ನ ಹಾಗೆಯೇ ಒಂದನ್ನು ಒತ್ತಿದಳು. ನಮ್ಮ ಮನೆಯ ಲ್ಯಾಪ್‌ಟಾಪಿನಲ್ಲಿದ್ದದ್ದು ಅಭ್ಯಾಸಕ್ಕೆಂದು ಇಟ್ಟ ಲೆಕ್ಕ. ಅಲ್ಲಿದ್ದದ್ದು ನಿಜವಾದದ್ದು. ಮನೆಮನೆಯಿಂದ ತಂದು ಹತ್ತಿಸಿದ್ದ ಮಳೆಯೆಲ್ಲ ಹೋಯಿತು. ತೆಗೆದಿಟ್ಟಿದ್ದ ನಕಲಿನಲ್ಲಿ ಅರ್ಧವೂ ಸಿಗಲಿಲ್ಲ. ಇನ್ನು ಕಂಪ್ಯೂಟರಿನಲ್ಲಿದೆಯಲ್ಲ ಎಂದು ಒಬ್ಬ ಯಜಮಾನರು ತಮ್ಮ ಅಪ್ಪನ ಮಳೆ ಪುಸ್ತಕಗಳನ್ನು ಸುಟ್ಟಿದ್ದರು. ಅವರು ಕಚೇರಿಗೆ ಬಂದು, ಏನಾದರೂ ಉಳಿದಿದೆಯೇ ಎಂದು ಕೇಳಿ ಹೋದರಂತೆ.

ಹುಡುಗಿಯ ತಪ್ಪೆಂದರು. ತಂಗಿ ಮಾತ್ರ, ಪುಟ ಬರೆದದ್ದು ನಾನು, ಪರೀಕ್ಷೆ ಮಾಡಿದೆ ಅಂದದ್ದೂ ನಾನು ಎಂದು ಕೆಲಸ ಬಿಟ್ಟು ಬಂದಳು. ಆ ಹುಡುಗಿಯೂ ಮತ್ತೆ ಕಚೇರಿಗೆ ಹೋಗಲಿಲ್ಲವಂತೆ.

ಒಂದು ತಿಂಗಳು ಸುಮ್ಮನಿದ್ದೆ. ತಂಗಿ, ನಾನು ಸಲೀಸಾಗಿ ದಾಟಿದ ಸಾಲಿನಲ್ಲಿ ಆ ಹುಡುಗಿ ಹೇಗೆ ತಪ್ಪಿದಳೆಂದು ತಿಳಿಯದೆ ಅದೇ ಪುಟ ಮುಂದಿಟ್ಟುಕೊಂಡು ಕೂರುತ್ತಿದ್ದಳು. ನಾನು ಉಂಡು ಎದ್ದು ಹೋಗುತ್ತಿದ್ದೆ. ಅವಳನ್ನು ಸೋಮವಾರಪೇಟೆಗೆ ಕರೆದೊಯ್ಯುವಾಗ, ಮುಖ ನೋಡದೆ ಹೇಳುವುದು ಸುಲಭವೆಂದು, ಗಾಡಿ ಓಡಿಸುತ್ತಲೇ, ಒಂಬತ್ತನೆಯ ಸಾಲಿನಲ್ಲಿ ನಾನೂ ನಿಂತಿದ್ದೆ ಎಂದು ಹೇಳಿದೆ.

ಅವಳು ನನ್ನ ಕಡೆ ತಿರುಗಿದಳು.

"ಎಷ್ಟೊತ್ತು ನಿಂತಿದ್ದೆ ಅಲ್ಲಿ?"

"ಹತ್ತು ನಿಮಿಷ ಆಗಿರ್ಬೋದು."

"ಹತ್ತು ನಿಮಿಷ," ಎಂದಳು. "ನಾನು ಹೊರಗೆ ಜಗಲೀಲೇ ಕೂತಿದ್ದೆ ಕಣಣ್ಣ."

ಬೈದಿದ್ದರೆ ಚೆನ್ನಾಗಿತ್ತು. ಊರು ತಲುಪುವವರೆಗೂ ಕಿಟಕಿಯ ಕಡೆ ತಿರುಗಿದ್ದಳು.

ಈಗ ಅವಳು ಗೊಬ್ಬರದ ಅಂಗಡಿಯಲ್ಲಿ ಬಿಲ್ ಹಾಕುತ್ತಾಳೆ. ನನ್ನೊಡನೆ ಮಾತು ಬಿಟ್ಟಿಲ್ಲ. ಆದರೆ ಅವ್ವನ ಮಾತ್ರೆ ಹೇಗೆ ಕೊಡಬೇಕೆಂದು ಹೇಳಿಹೋಗುವಾಗ, ತಿಳಿಯಿತು ಎಂದರೆ ನಂಬುವುದಿಲ್ಲ. ಬಾಗಿಲಲ್ಲೇ ನಿಂತು, ನೀನೊಂದ್ಸಲ ಹೇಳು ಎನ್ನುತ್ತಾಳೆ. ಬಿಳಿಯದು ತಿಂಡಿಗೆ ಮೊದಲು, ಕೆಂಪು ಊಟ ಆದಮೇಲೆ ಎಂದು ಹೇಳುತ್ತೇನೆ. ಇನ್ನೊಂದ್ಸಲ ಎನ್ನುತ್ತಾಳೆ. ಹೇಳುತ್ತೇನೆ.