ಇನ್ನೊಂದು ಕೈ

ಒಂದು ಹಸಿಮೆಣಸಿನಕಾಯಿ ಕೊಡುವಾಗಲೂ ಕೆಂಪಕ್ಕ ಎರಡು ಕೈ ಚಾಚುತ್ತಿದ್ದಳು. ಮಧ್ಯಾಹ್ನ ಶೆಡ್ಡಿನ ಹಿಂದೆ ಹೊಂಗೆ ಮರದ ಕೆಳಗೆ ನಾವೆಲ್ಲ ಡಬ್ಬಿ ಬಿಚ್ಚಿ ಕೂರುವಾಗ ಯಾರಾದರೂ ಕೇಳಿದರೆ, ಅಷ್ಟು ಚಿಕ್ಕ ಕಾಯಿಯನ್ನು ಜೋಡಿಸಿದ ಅಂಗೈಗಳ ಮೇಲಿಟ್ಟು ಪ್ರಸಾದದ ಹಾಗೆ ಮುಂದೆ ಹಿಡಿಯುವಳು. ಕೈ ಎಂಜಲಾದ ಮೇಲೆ ಕೇಳಿದರೆ "ತಡಿ" ಎಂದು ಎದ್ದು ಹೋಗಿ ನಲ್ಲಿಯಲ್ಲಿ ತೊಳೆದುಕೊಂಡು ಬರುವಳು. ಹುಡುಗಿಯರಿಗೆ ಇದೊಂದು ತಮಾಷೆ. "ಯಾಕಕ್ಕ, ಮೂಗು ತುರಿಸ್ಕೊಳ್ಳೋಕೂ ಎರಡು ಕೈ ಬೇಕಾ?" ಎಂದು ರೇಗಿಸಿದರೆ, "ಮೂಗು ಒಂದೇ ಐತೆ, ಒಂದೇ ಕೈ ಸಾಕು. ನನ್ ಕೆಲ್ಸ ನೀನು ಮಾಡ್ತೀಯಾ ಅಂದ್ರೆ ಎರಡ್ರಲ್ಲೂ ತುರಿಸ್ಕೋತೀನಿ" ಅನ್ನುವಳು.

ಪೀಣ್ಯದ ಆ ಶೆಡ್ಡಿಗೆ ನಾನು ಪ್ಯಾಕಿಂಗ್ ಕೆಲಸಕ್ಕೆ ಸೇರಿದಾಗ ಕೆಂಪಕ್ಕ ಅಲ್ಲಿ ಆಗಲೇ ಹಳಬಳು. ಚಿಕ್ಕಬಾಣಾವರದ ಆಚೆಯ ಒಕ್ಕಲು ಮನೆಯ ಹೆಣ್ಣುಮಗಳು, ಟಿ. ದಾಸರಹಳ್ಳಿಯಲ್ಲಿ ನಮ್ಮ ಮನೆಯ ಹಿಂದಿನ ಬೀದಿಯಲ್ಲೇ ಗಂಡ ನಂಜಪ್ಪನವರ ಜೊತೆ ಬಾಡಿಗೆಗೆ ಇದ್ದಳು. ಮಕ್ಕಳಿಲ್ಲ. ಎಣ್ಣೆ ಹಚ್ಚಿ ಬಿಗಿಯಾಗಿ ಕಟ್ಟಿದ ತುರುಬು, ಸೀರೆಯ ಮೇಲೆ ಕಂಪನಿಯ ನೀಲಿ ಕೋಟು, ಬಳೆಯಿಲ್ಲದ ಕೈ. ಅವಳದು ಪವರ್ ಪ್ರೆಸ್ಸಿನ ಕೆಲಸ. ತಗಡಿನ ಚೂರನ್ನು ಅಚ್ಚಿನ ಮೇಲಿಟ್ಟು ಎರಡು ಪಕ್ಕದ ಎರಡು ಬಟನ್ನುಗಳನ್ನು ಒಟ್ಟಿಗೆ ಒತ್ತಿದರೆ ಮೇಲಿನಿಂದ ಪ್ರೆಸ್ ಇಳಿದು ಕ್ಲಿಪ್ಪು ಮಾಡಿಕೊಡುತ್ತದೆ. ಎರಡು ಬಟನ್ ಇಟ್ಟಿರುವುದೇ ಪ್ರೆಸ್ ಇಳಿಯುವಾಗ ಎರಡೂ ಕೈ ಹೊರಗಿರಲಿ ಎಂದು.

ಆದರೆ ಕೆಲಸ ಬೇಗ ಸಾಗಬೇಕಲ್ಲ. ಒಂದು ಬಟನ್ನನ್ನು ಸೈಕಲ್ ಟ್ಯೂಬಿನ ಪಟ್ಟಿಯಿಂದ ಒತ್ತಿಹಿಡಿದು ಕಟ್ಟಿಬಿಟ್ಟರೆ, ಒಂದು ಕೈ ಒತ್ತುತ್ತಿರುವಾಗಲೇ ಇನ್ನೊಂದು ಕೈ ತಗಡು ಇಡುತ್ತಿರಬಹುದು. ನಮ್ಮ ಶೆಡ್ಡಿನಲ್ಲಿ ಇದಕ್ಕೆ "ಒಂಟಿ ಕೈ" ಎಂದು ಹೆಸರು. ಎಲ್ಲರೂ ಒಂಟಿ ಕೈ ಓಡಿಸುವವರೇ. ಕೆಂಪಕ್ಕ ಮಾತ್ರ ತನ್ನ ಮೆಷಿನ್ನಿಗೆ ಟ್ಯೂಬ್ ಕಟ್ಟಲು ಬಿಡುತ್ತಿರಲಿಲ್ಲ. ಹಾಗಾಗಿ ಅವಳ ಬುಟ್ಟಿ ಯಾವತ್ತೂ ಕೊನೆಗೆ ತುಂಬುವುದು.

"ಈ ಟಾರ್ಗೆಟ್ ಯಾರು ಮುಗಿಸ್ತಾರೆ ಕೆಂಪಮ್ಮ, ನಿಮ್ಮಾವ ಬರ್ತಾರಾ?" ಎಂದು ಸೂಪರ್‌ವೈಸರ್ ಪ್ರಕಾಶ ಕೂಗಾಡುವನು.

"ನಮ್ಮಾವ ಸತ್ತು ಬಾಳ ವರ್ಸ ಆಯ್ತು ಸಾರ್. ಪಾಪ, ಅವರ್ನ ಯಾಕೆ ಎಬ್ಬಿಸ್ತೀರಾ" ಎಂದು ಇವಳು ತಲೆ ಎತ್ತದೆ ಹೇಳುವಳು.

ಬಟನ್ ಕಟ್ಟದಿರುವುದು ಅವಳ ಮೆಷಿನ್ನಿಗಷ್ಟೇ ಸೇರಿದ್ದಲ್ಲ ಎಂದು ನನಗೆ ತಿಳಿಯಲು ಸ್ವಲ್ಪ ಕಾಲ ಹಿಡಿಯಿತು. ಯಾರು ಏನು ಹೇಳಿದರೂ ಅವಳದೊಂದು ಪ್ರಶ್ನೆ: "ಇನ್ನೊಂದು ಕೈ ಎಲ್ಲೈತೆ?" ನೆಲಮಂಗಲದ ಕಡೆಯ ಸೈಟಿನ ಬಣ್ಣದ ಫೋಟೊ ಹಿಡಿದು ಗೇಟಿಗೆ ಬಂದವನ ಮಾತನ್ನೆಲ್ಲ ಕೇಳಿ, "ಫೋಟೊ ತೋರ್ಸೋ ಕೈ ನೋಡ್ದೆ. ಇನ್ನೊಂದು ಕೈ ಎಲ್ಲೈತಪ್ಪಾ?" ಎಂದಳು. ಅವನು ಗಾಬರಿಯಾಗಿ ಜೇಬಿನಿಂದ ಕೈ ತೆಗೆದು ನಿಜವಾಗಿಯೂ ತೋರಿಸಿದ. ನಾವು ನಕ್ಕೂ ನಕ್ಕೂ ಸುಸ್ತಾದೆವು.

ನನ್ನ ಮಗಳಿಗೂ ಅದೇ ಪ್ರಶ್ನೆ ಬಿತ್ತು. ಪಿಯುಸಿ ಮುಗಿದಿತ್ತು, ಗೆಳತಿಯರೆಲ್ಲ ಹೊರಟಿದ್ದಾರೆ ಎಂದು ಇವಳೂ ಎಂಜಿನಿಯರಿಂಗ್ ಎಂದು ಹಟ ಹಿಡಿದಿದ್ದಳು. ಕೆಂಪಕ್ಕ ಅವಳನ್ನು ಬಾಗಿಲಲ್ಲಿ ಕೂರಿಸಿಕೊಂಡು ತಲೆ ಬಾಚುತ್ತಾ, "ಓದ್ತೀನಿ ಅಂತ ಒಂದು ಕೈ ಎತ್ತಿದ್ದೀಯ. ಇನ್ನೊಂದು ಕೈ ಎಲ್ಲೈತವ್ವಾ?" ಎಂದಳು. ಮಗಳು, ಅಜ್ಜಿಯ ಆಸ್ಪತ್ರೆಯ ದಿನಗಳಿಂದಲೂ ತನಗೆ ನರ್ಸಿಂಗ್ ಮಾಡುವ ಆಸೆ, ಹೇಳಿದರೆ ನೀವೆಲ್ಲ ನಗುತ್ತೀರಿ ಎಂದು ಸುಮ್ಮನಿದ್ದೆ ಎಂದಳು. ಈಗ ಅವಳು ವೈಟ್‌ಫೀಲ್ಡ್ ಕಡೆಯ ಒಂದು ಆಸ್ಪತ್ರೆಯಲ್ಲಿದ್ದಾಳೆ. ಬೇಜಾರಿದ್ದಾಗಲೂ ಕೆಲಸದ ಮೇಲೆ ಬೇಜಾರು ಎಂದು ಹೇಳಿದ್ದು ನಾನು ಕೇಳಿಲ್ಲ.

ಈ ಬುದ್ಧಿ ಎಲ್ಲಿಂದ ಬಂತು ಎಂದು ಒಮ್ಮೆ ಕೇಳಿದ್ದೆ. ಅವಳೂ ಶುರುವಿನಲ್ಲಿ ಒಂಟಿ ಕೈ ಓಡಿಸಿದವಳೇ. ಒಂದು ದಿನ ಮನೆಯಲ್ಲಿ ಅತ್ತೆಯ ಜೊತೆ ಜಗಳವಾಡಿ ಬಂದಿದ್ದಳಂತೆ, ಮೈ ಇಲ್ಲಿ, ಮನಸ್ಸು ಅಲ್ಲಿ. ಪ್ರೆಸ್ ಇಳಿದು ಬಳೆ ಹಿಡಿಯಿತು. "ಬಳೆ ತಗೊಂಡು ಕೈ ಬಿಡ್ತು ಕಣೇ ಗೀತಾ. ಮನೆಗೋಗಿ ಕುಂತು ಯೋಚ್ನೆ ಮಾಡ್ದೆ. ಮೆಷಿನ್ನಿಂದು ತಪ್ಪಲ್ಲ. ನಾನು ಎಲ್ಲಾ ಕಡೇನೂ ಒಂಟಿ ಕೈಯಲ್ಲೇ ಬದುಕ್ತಾ ಇವ್ನಿ. ಅತ್ತೆ ಮುಂದೆ ಊಂ ಅಂತೀನಿ, ಹಿಂದೆ ಬೈಕೋತೀನಿ. ಇವ್ರ ಮುಂದೆ ನಗ್ತೀನಿ, ಒಳಗೆ ಉರೀತೀನಿ. ಸಾಕು ಅನ್ನಿಸ್ತು."

"ಅವತ್ತೇ ಬದಲಾಗ್ಬಿಟ್ಟೆಯಾ?" ಎಂದೆ.

"ಅಯ್ಯೋ, ಎಲ್ಲಿ. ಬುದ್ಧಿ ಅಂಗೆಲ್ಲ ಒಂದಿನಕ್ಕೆ ನಿಲ್ಲಲ್ಲ. ರಾತ್ರಿ ಬಿಚ್ಚೋಗಿರ್ತದೆ. ಬೆಳಿಗ್ಗೆ ಎದ್ದು ತುರುಬು ಕಟ್ತೀವಲ್ಲ, ಅಂಗೆ ಮತ್ತೆ ಕಟ್ಕೋಬೇಕು. ಕೆಲವು ದಿನ ಸೊಟ್ಟಗೆ ಕಟ್ತೀನಿ."

ಒಮ್ಮೆ ಮಾಲೀಕರು ಯಾರದೋ ಮಾತು ಕೇಳಿ, ಕೆಲಸಗಾರರಿಗೆ ಹುರುಪು ಬರಲಿ ಎಂದು ಒಬ್ಬ ಹುಡುಗನನ್ನು ಮೈಕ್ ಸಮೇತ ಕರೆಸಿದರು. ಎಲ್ಲರೂ ತಮ್ಮ ಜೀವನದ ಗುರಿ ಹೇಳಬೇಕಂತೆ. ಒಬ್ಬಳು ಸ್ವಂತ ಮನೆ ಅಂದಳು, ಒಬ್ಬಳು ಮಗನ ಓದು ಅಂದಳು. ಮೈಕ್ ಕೆಂಪಕ್ಕನ ಹತ್ತಿರ ಬಂತು.

"ನಮ್ಮನೆಯೋರ ಜೊತೆ ಮುದುಕಿ ಆಗ್ಬೇಕು ಸಾರ್. ಆಗಿ ದಿನಾ ಜಗಳ ಆಡ್ಬೇಕು."

ಶೆಡ್ಡೆಲ್ಲ ಘೊಳ್ಳೆಂದಿತು. ಮೈಕಿನ ಹುಡುಗನೂ ನಕ್ಕುಬಿಟ್ಟ. ಆದರೆ ಅವಳು ತಮಾಷೆಗೆ ಹೇಳಿದ್ದಲ್ಲ ಎಂದು ನನಗೆ ಗೊತ್ತಿತ್ತು. ನಂಜಪ್ಪನವರ ಎರಡೂ ಕಿಡ್ನಿ ಕೈಕೊಟ್ಟು ಆಗಲೇ ಡಯಾಲಿಸಿಸ್ ಶುರುವಾಗಿತ್ತು. ಅದು ನಡೆಯುತ್ತಿದ್ದುದು ಕೆಂಪಕ್ಕನ ಕೆಲಸದಿಂದ ಬಂದ ಇಎಸ್‌ಐ ಕಾರ್ಡಿನ ಮೇಲೆ. ಕೆಲಸವಿದ್ದರೆ ಕಾರ್ಡು, ಕಾರ್ಡಿದ್ದರೆ ಡಯಾಲಿಸಿಸ್, ಡಯಾಲಿಸಿಸ್ ಇದ್ದರೆ ಗಂಡ. ಅವರನ್ನು ಆಸ್ಪತ್ರೆಗೆ ಬಿಟ್ಟು ಬಂದು ಪ್ರೆಸ್ಸಿನ ಮುಂದೆ ಕೂರುತ್ತಿದ್ದ ದಿನಗಳಲ್ಲೂ ಅವಳ ಎರಡು ಕೈ ಎರಡು ಬಟನ್ನಿನ ಮೇಲೇ ಇರುತ್ತಿದ್ದವು.

ಮಂಜುಳಾ ಎಂಬ ಹೊಸ ಹುಡುಗಿಯನ್ನು ಕೆಂಪಕ್ಕನ ಪಕ್ಕದ ಮೆಷಿನ್ನಿಗೆ ಹಾಕಿದರು. ಕಾಂಟ್ರ್ಯಾಕ್ಟ್ ಮೇಲೆ ಬಂದವಳು, ಕಾರ್ಡ್ ಇನ್ನೂ ಮಾಡಿಸಿರಲಿಲ್ಲ. ಮದುವೆಯಾಗಿ ವರ್ಷವೂ ತುಂಬಿರಲಿಲ್ಲ, ಕೈಯ ಮೆಹೆಂದಿ ಸದಾ ಹೊಸದಾಗಿರುತ್ತಿತ್ತು. ಒಂದು ಬೆಳಿಗ್ಗೆ ನಾನು ಹಿಂದಿನ ಕೋಣೆಯಲ್ಲಿ ಡಬ್ಬಗಳಿಗೆ ಟೇಪು ಹಚ್ಚುತ್ತಿದ್ದೆ. ಕೂಗು ಕೇಳಿ ಓಡಿ ಬಂದಾಗ ಕೆಂಪಕ್ಕ ಆ ಹುಡುಗಿಯನ್ನು ತಬ್ಬಿ ಹಿಡಿದು ನೆಲದ ಮೇಲೆ ಕೂತಿದ್ದಳು, ತನ್ನ ನೀಲಿ ಕೋಟು ಬಿಚ್ಚಿ ಅವಳ ಬಲಗೈಗೆ ಸುತ್ತಿದ್ದಳು. ಕೋಟಿನ ಬಣ್ಣ ತಿಳಿಯುತ್ತಿರಲಿಲ್ಲ. ಮಂಜುಳಾಳ ಬಲಗೈಯಲ್ಲಿ ಹೆಬ್ಬೆರಳು ಮಾತ್ರ ಉಳಿಯಿತು.

ಟ್ಯೂಬನ್ನು ಯಾರು ಕಟ್ಟಿದ್ದು ಎಂಬ ಪ್ರಶ್ನೆ ಆಮೇಲೆ ಎದ್ದಿತು. ಅವಳೇ ಕಟ್ಟಿಕೊಂಡಿದ್ದರೆ ಅವಳದೇ ತಪ್ಪಾಗುತ್ತದೆ, ಕಂಪನಿ ಪರಿಹಾರ ಕೊಡಬೇಕಾಗಿಲ್ಲ. ಲೇಬರ್ ಆಫೀಸಿನಿಂದ ಸಾಹೇಬರು ಬಂದು ಎಲ್ಲರನ್ನೂ ಕೇಳುತ್ತಾರೆ ಎಂದು ಸುದ್ದಿಯಾಯಿತು. ಕಟ್ಟಿದ್ದನ್ನು ಕಣ್ಣಾರೆ ನೋಡಿದವಳು ಪಕ್ಕದ ಮೆಷಿನ್ನಿನ ಕೆಂಪಕ್ಕ ಒಬ್ಬಳೇ. ಪ್ರಕಾಶ ಅವಳನ್ನು ಬದಿಗೆ ಕರೆದ. ಅವನೂ ಕೆಟ್ಟವನಲ್ಲ. ಮೇಲಿನವರು ಅವನ ಕತ್ತಿನ ಮೇಲೆ ಕೂತಿದ್ದರು. "ಕೆಂಪಮ್ಮ, ನೋಡಿಲ್ಲ ಅಂತ ಒಂದು ಮಾತು ಸಾಕು. ಯಾರ ಮೇಲೂ ಸುಳ್ಳು ಹೇಳೋದು ಬೇಡ. ನಿಮ್ಮ ಯಜಮಾನ್ರ ಆಸ್ಪತ್ರೆ ಇದೆ, ಅದನ್ನ ನೆನಪಿಟ್ಕೊಳ್ಳಿ" ಎಂದನಂತೆ.

ಸಂಜೆ ನಾನು ಅವರ ಮನೆಗೆ ಹೋದೆ. ಕೆಂಪಕ್ಕ ಹೊಸ್ತಿಲ ಒಳಗೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಂಜಪ್ಪನವರು ಮಂಚದ ಮೇಲೆ ಗೋಡೆಗೆ ಒರಗಿದ್ದರು, ಕಾಲು ಬಾತಿದ್ದವು.

"ಇವಳು ನನ್ನ ಕೇಳ್ತಾ ಅವ್ಳೆ, ಏನ್ ಮಾಡ್ಲಿ ಅಂತ" ಎಂದು ಅವರೇ ಮಾತು ತೆಗೆದರು. "ನಾನೇನು ಹೇಳ್ಲಿ ಗೀತಮ್ಮ? ನೋಡಿಲ್ಲ ಅಂದ್ಬಿಡು ಅಂತ ನನ್ ಬಾಯಲ್ಲಿ ಹೇಳ್ಬಿಟ್ರೆ, ಆಮೇಲೆ ಇವಳು ಇಕ್ಕಿದ ಅನ್ನ ನಂಗೆ ಗಂಟ್ಲಲ್ಲಿ ಇಳಿಯಾಕಿಲ್ಲ." ಆಮೇಲೆ ಹೆಂಡತಿಯ ಕಡೆ ನೋಡದೆ, "ಆದ್ರೆ ಬದುಕ್ಬೇಕು ಅಂತ ಆಸೆ ಐತೆ ನಂಗೆ. ಅದೂ ಇವಳಿಗೆ ಗೊತ್ತಿರ್ಲಿ" ಎಂದರು.

ಕೆಂಪಕ್ಕ ಸುಲಿಯುತ್ತಲೇ ಇದ್ದಳು. ಕಾಳು ಸಿಪ್ಪೆಯ ರಾಶಿಗೆ ಬೀಳುತ್ತಿತ್ತು, ಸಿಪ್ಪೆ ಪಾತ್ರೆಗೆ. ನಾನು ಪಕ್ಕ ಕೂತು ಬೇರೆ ಮಾಡಿಕೊಟ್ಟೆ.

ಸಾಹೇಬರು ಬಂದ ದಿನ ನಮ್ಮನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿದರು. ಮಾಲೀಕರು ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಸಾಹೇಬರು ಕೆಂಪಕ್ಕನನ್ನು ಕೇಳಿದರು. ಅವಳು ಸೆರಗಿನ ತುದಿ ಹಿಡಿದು ತಿರುಚುತ್ತಿದ್ದಳು, ದನಿ ಹಿಂದಿನ ಸಾಲಿಗೆ ಕೇಳಿಸಲೇ ಇಲ್ಲ. ಸಾಹೇಬರು "ಜೋರಾಗಿ ಹೇಳಮ್ಮ" ಎಂದರು.

"ಪ್ರಕಾಶ್ ಸಾರ್ ಕಟ್ಟಿದ್ರು. ನನ್ ಮೆಷಿನ್ನಿಗೂ ಕಟ್ಟಾಕೆ ಬಂದ್ರು, ನಾನು ಬಿಡ್ಲಿಲ್ಲ. ಆ ಹುಡ್ಗಿ ಹೊಸಬಳು, ಬೇಡ ಅನ್ನಾಕೆ ಗೊತ್ತಾಗ್ಲಿಲ್ಲ."

ಅಷ್ಟೇ. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಅವಳ ಮುಖ ನೋಡಲಿಲ್ಲ. ಮಧ್ಯಾಹ್ನ ಹೊಂಗೆ ಮರದ ಕೆಳಗೆ ಅವಳ ಪಕ್ಕ ನಾನೊಬ್ಬಳೇ ಕೂತೆ.

ಕೆಲಸದಿಂದ ತೆಗೆದದ್ದು ಆ ಕಾರಣಕ್ಕೆ ಎಂದು ಯಾರೂ ಹೇಳಲಿಲ್ಲ. ವಯಸ್ಸಾಯಿತು, ಪ್ರೊಡಕ್ಷನ್ ಕಡಿಮೆ ಅಂದರು. ಆಮೇಲೆ ಅವಳು ಪೀಣ್ಯದ ಎಷ್ಟೋ ಗೇಟುಗಳ ಮುಂದೆ ನಿಂತಳು. ಎಲ್ಲ ಕಡೆ ಸುದ್ದಿ ಮೊದಲೇ ಮುಟ್ಟಿರುತ್ತಿತ್ತು. "ಫೋನ್ ಮಾಡ್ತೀವಿ ಅಮ್ಮ" ಅನ್ನುವರು. ಕಾರ್ಡ್ ಕೆಲವು ತಿಂಗಳು ನಡೆದು ನಿಂತಿತು. ಸರ್ಕಾರಿ ಆಸ್ಪತ್ರೆಯಲ್ಲಿ ಹೆಸರು ಬರೆಸಿದಳು. ಅಲ್ಲಿ ಮೆಷಿನ್ನು ಕಡಿಮೆ, ಕಾಯುವವರು ಹೆಚ್ಚು. ನನ್ನ ಮಗಳು ಗೊತ್ತಿರುವವರನ್ನೆಲ್ಲ ಕೇಳಿದಳು. ಅವಳ ಸ್ನೇಹಿತೆಯೊಬ್ಬಳು ಒಂದೆರಡು ಸಲ ಬೇರೆ ಕಡೆ ಮಾಡಿಸಿಕೊಟ್ಟಳು. ಪಾಳಿ ತಪ್ಪಿದ ವಾರ ನಂಜಪ್ಪನವರಿಗೆ ಮಲಗಲಾಗುತ್ತಿರಲಿಲ್ಲ, ಮಂಚದ ಅಂಚಿನಲ್ಲಿ ಕೂತೇ ಇರುವರು. ಕೆಂಪಕ್ಕ ಹಿಂದೆ ಕೂತು ತನ್ನ ಬೆನ್ನನ್ನು ಅವರ ಬೆನ್ನಿಗೆ ಕೊಟ್ಟಿರುವಳು. ನಾನು ಗಂಜಿ ತೆಗೆದುಕೊಂಡು ಹೋದಾಗ ಇಬ್ಬರೂ ಹಾಗೇ ಇರುತ್ತಿದ್ದರು. ಮಳೆಗಾಲ ಮುಗಿಯುವ ಮೊದಲೇ ಅವರು ಹೋದರು.

ಮಂಜುಳಾಗೆ ಪರಿಹಾರ ಸಿಕ್ಕಿತು. ಗಂಡನ ಮನೆಯವರು ಅವಳನ್ನು ಬಿಡಲಿಲ್ಲ. ಬಾಗಿಲಲ್ಲೇ ಒಂದು ಸಣ್ಣ ಅಂಗಡಿ ಹಾಕಿಕೊಟ್ಟರು.

ಗುಬ್ಬಿಯ ಹತ್ತಿರ ತಂಗಿಯ ಮನೆಗೆ ಹೊರಟ ದಿನ ಕೆಂಪಕ್ಕನನ್ನು ಕಳಿಸಲು ನಾನು ಚಿಕ್ಕಬಾಣಾವರ ಸ್ಟೇಷನ್ನಿಗೆ ಹೋಗಿದ್ದೆ. ಎರಡು ಚೀಲ, ಒಂದು ಬಕೀಟಿನಲ್ಲಿ ಪಾತ್ರೆಗಳು. ತುರುಬು ಸೊಟ್ಟಗಿತ್ತು. ಹೇಳಬೇಕೋ ಬೇಡವೋ ಎಂದುಕೊಂಡೇ, "ನೀನು ಮಾಡಿದ್ದು ಸರಿ ಕೆಂಪಕ್ಕ" ಎಂದೆ.

"ಅಂಗನ್ನಬೇಡ ಗೀತಾ." ಹಳಿಯ ಕಡೆ ನೋಡುತ್ತಲೇ ಹೇಳಿದಳು. "ಸರಿ ಅಂತ ನೀನಂದ್ರೆ ಅವ್ರು ಸತ್ತಿದ್ದೂ ಸರಿ ಅಂದಂಗಾಯ್ತದೆ. ಅವತ್ತು ನಂಗೆ ಬೇರೆ ಮಾತೇ ಬಾಯಿಗೆ ಬರ್ಲಿಲ್ಲ, ಅಷ್ಟೇಯ. ಬೇರೆ ದಾರಿ ಇತ್ತೇನೋ. ನಂಗೆ ಕಾಣ್ಲಿಲ್ಲ."

ಗಾಡಿ ಬರುವ ಸದ್ದಾಯಿತು. ಬಕೀಟು ಎತ್ತಿಕೊಂಡವಳು ಮತ್ತೆ ಕೆಳಗಿಟ್ಟಳು.

"ಆ ಮಂಜುಳಾಗೆ ಇವ್ರು ಹೋದದ್ದು ಗೊತ್ತಾಗ್ಬಾರ್ದು. ಚಿಕ್ಕ ಹುಡ್ಗಿ, ಜೀವ್ನ ಎಲ್ಲಾ ಹೊತ್ಕೊಂಡು ತಿರುಗ್ತದೆ. ಕೇಳಿದ್ರೆ ಚೆನ್ನಾಗವ್ರೆ ಅಂತ ಹೇಳು."

"ನಾನಾ?"

"ಊಂ, ನೀನೇ. ನನ್ ಕೈಲಿ ಆಗಲ್ಲ" ಎಂದು ಗಾಡಿ ಹತ್ತಿದಳು.

ಆಮೇಲೆ ನಾನು ಅವಳನ್ನು ನೋಡಿಲ್ಲ. ಶುರುವಿನಲ್ಲಿ ಫೋನ್ ಎತ್ತುತ್ತಿದ್ದಳು. ಈಗ ಆ ನಂಬರಿನಲ್ಲಿ ಬೇರೆ ಯಾರೋ ಹಿಂದಿಯಲ್ಲಿ ಮಾತಾಡುತ್ತಾರೆ.

ಮೊನ್ನೆ ದಾಸರಹಳ್ಳಿ ಮೆಟ್ರೊ ಕೆಳಗಿನ ಹಣ್ಣಿನ ಗಾಡಿಯ ಹತ್ತಿರ ಮಂಜುಳಾ ಸಿಕ್ಕಿದಳು. ಎಡಗೈಯಲ್ಲಿ ಚೀಲ, ಬಲಗೈ ಸೆರಗಿನ ಒಳಗೆ.

"ಕೆಂಪಕ್ಕ ಹೆಂಗವ್ರೆ ಅಕ್ಕ? ಯಜಮಾನ್ರು?"

"ಚೆನ್ನಾಗಿದ್ದಾರೆ."

"ಒಂದ್ಸಲ ಊರಿಗೋಗಿ ನೋಡ್ಕೊಂಡ್ ಬರ್ಬೇಕು. ಅವ್ರಿಗೆ ಏನ್ ತಗೊಂಡೋಗ್ಲಿ, ಮೂಸಂಬಿ ತಗೊಳ್ಲಾ?"

"ಮೂಸಂಬಿ ಬೇಡ, ಅವರ ಕಿಡ್ನಿಗೆ ಆಗಲ್ಲ" ಎಂದೆ.

"ಸೇಬು?"

"ಸೇಬು ತಿಂತಾರೆ" ಎಂದೆ.