ಟೀಚರ್ ಬರೆಯದ ಶನಿವಾರ

ಗುರುವಾರ ಬೆಳಿಗ್ಗೆ ಹಾಸನದಲ್ಲಿ ರೈಲು ಹತ್ತುವಾಗ ನಾನು ಸ್ವೆಟರ್ ಹಾಕಿಕೊಂಡಿದ್ದೆ. ಜನವರಿಯ ಕೊನೆಯ ವಾರ. ಬೆನ್ನಿನ ಚೀಲದಲ್ಲಿ ಎರಡು ಸೀರೆ, ಕೈಚೀಲದ ತುಂಬ ಒಂದರಿಂದ ನಾಲ್ಕನೇ ತರಗತಿಯವರೆಗಿನ ಕನ್ನಡ ಓದುಪುಸ್ತಕಗಳು. ಸಕಲೇಶಪುರ ದಾಟಿದ ಮೇಲೆ ಸುರಂಗ, ಸೇತುವೆ, ಮತ್ತೆ ಸುರಂಗ. ಪ್ರತಿ ಸುರಂಗದಲ್ಲೂ ಎದುರು ಸೀಟಿನ ಕಾಲೇಜು ಹುಡುಗರು ಕೂಗು ಹಾಕುತ್ತಿದ್ದರು. ಸುಬ್ರಹ್ಮಣ್ಯ ರೋಡ್ ಬರುವ ಹೊತ್ತಿಗೆ ಸ್ವೆಟರ್ ಚೀಲ ಸೇರಿತ್ತು. ಮಂಗಳೂರು ಜಂಕ್ಷನ್ನಿನಲ್ಲಿ ಇಳಿದಾಗ ಸಂಜೆಯಾಗುತ್ತಾ ಬಂದಿದ್ದರೂ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು.

ನನ್ನನ್ನು ಕರೆಸಿಕೊಂಡವಳು ಲಿಡಿಯಾ. ಕದ್ರಿಯ ಕೊಂಕಣಿ ಕ್ರೈಸ್ತರ ಮನೆಯವಳು. ಹಾಸನದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಗ ನಾಲ್ಕು ವರ್ಷ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದಳು. ಅಲ್ಲಿಂದ ಇಸ್ರೇಲಿನ ಹೈಫಾ ಊರಿಗೆ ಹೋಗಿ ಹನ್ನೊಂದು ವರ್ಷ ಒಬ್ಬ ಯಹೂದಿ ಅಜ್ಜಿಯನ್ನು ನೋಡಿಕೊಂಡಳು. ಅಜ್ಜಿ ತೀರಿಕೊಂಡ ಮೇಲೆ ಊರಿಗೆ ಮರಳಿದಳು. ಈಗ ಆ ಅಜ್ಜಿಯ ಮೊಮ್ಮಗಳು ತಮಾರ್ ತನ್ನ ಗೆಳೆಯ ಗಾಬಿಯ ಜೊತೆ ಮಂಗಳೂರಿಗೆ ಬಂದಿದ್ದಳು. ಗಾಬಿ ಅರ್ಜೆಂಟೀನಾದ ಯಹೂದಿ ಹುಡುಗ. ಇಬ್ಬರಿಗೂ ಇಪ್ಪತ್ತಮೂರರ ಆಸುಪಾಸು. ನಾಲ್ಕು ತಿಂಗಳಿಂದ ಲಿಡಿಯಾಳ ಮನೆಯಲ್ಲಿದ್ದುಕೊಂಡು ಬೆಂಗ್ರೆಯ ಮೀನುಗಾರರ ಮಕ್ಕಳಿಗೆ ಸಂಜೆ ಇಂಗ್ಲಿಷ್, ಲೆಕ್ಕ ಕಲಿಸುತ್ತಿದ್ದರು. ಸಂಬಳವಿಲ್ಲ.

ಬಾಗಿಲು ತೆರೆದವಳು ತಮಾರ್. ಕೆಂಚು ಕೂದಲು, ಬಿಸಿಲಿಗೆ ಸಿಪ್ಪೆ ಎದ್ದ ಮೂಗು. ನನ್ನನ್ನು ನೋಡಿದ್ದೇ "ಜೆವಣ್ ಜಾಲೆಂಗೀ?" ಎಂದು ಕೊಂಕಣಿಯಲ್ಲಿ ಊಟವಾಯಿತೇ ಎಂದು ಕೇಳಿದಳು. ಅಜ್ಜಿಯ ಮನೆಯಲ್ಲಿ ಲಿಡಿಯಾಳಿಂದ ಕಲಿತ ಮಾತಂತೆ. ಈಗ ಕನ್ನಡವೂ ಸ್ವಲ್ಪ ಬರುತ್ತಿತ್ತು, ಮಂಗಳೂರಿನವರ ರಾಗದಲ್ಲೇ.

ರಾತ್ರಿ ಊಟಕ್ಕೆ ಕೂತಾಗ ಲಿಡಿಯಾ ಚಿಂತೆ ಹೇಳಿಕೊಂಡಳು. ತರಗತಿ ನಡೆಯುವ ಕೋಣೆ ಇದಿನಬ್ಬ ಹಾಜಿ ಎಂಬ ಬ್ಯಾರಿ ಮುಸ್ಲಿಂ ವ್ಯಾಪಾರಿಯದು. ಮೊದಲು ಅಲ್ಲಿ ಬಲೆ ತುಂಬಿಸಿಡುತ್ತಿದ್ದರು. ಈಗ ಅವರ ತಂಗಿಯ ಮಗ ಮೀನಿನ ಪೆಟ್ಟಿಗೆ ಇಡಲು ಅದನ್ನೇ ಕೇಳುತ್ತಿದ್ದ. ಹಾಜಿಯವರು ಭಾನುವಾರ ದುಬೈಗೆ, ಮಗನ ಮನೆಗೆ ಹೊರಟಿದ್ದರು. ಹೋಗುವ ಮೊದಲು, ಶನಿವಾರ ನಾಲ್ಕು ಗಂಟೆಗೆ, ಮಕ್ಕಳು ಕಲಿತದ್ದನ್ನು ಕಣ್ಣಾರೆ ನೋಡಿ ತೀರ್ಮಾನ ಮಾಡುತ್ತೇನೆ ಎಂದಿದ್ದರು. ಕನ್ನಡ ಓದಿಸಿ ನೋಡಲು ಒಬ್ಬ ಟೀಚರ್ ಬೇಕು ಎಂದೂ ಹೇಳಿದ್ದರು. ಹಾಗಾಗಿ ನಾನು.

ತೊಡಕು ಇದ್ದದ್ದು ಶನಿವಾರದಲ್ಲಿ. ಶುಕ್ರವಾರ ಸೂರ್ಯ ಮುಳುಗಿದಾಗಿನಿಂದ ಶನಿವಾರ ನಕ್ಷತ್ರ ಕಾಣುವವರೆಗೆ ಯಹೂದಿಗಳಿಗೆ ಸಬ್ಬತ್ತು, ವಿಶ್ರಾಂತಿಯ ದಿನ. ಗಾಬಿ ಅದನ್ನು ಅಷ್ಟಾಗಿ ಪಾಲಿಸುವವನಲ್ಲ. ತಮಾರ್ ಕಟ್ಟುನಿಟ್ಟು. ಬಸ್ಸು, ದೋಣಿ ಹತ್ತುವಂತಿಲ್ಲ, ಬೆಂಕಿ ಹೊತ್ತಿಸುವಂತಿಲ್ಲ, ಒಂದಕ್ಷರ ಬರೆಯುವಂತಿಲ್ಲ. ಬೆಂಗ್ರೆಯೋ ಹೊಳೆಯ ಆಚೆ.

ಒಂದು ವಾರ ಬಿಟ್ಟರೆ ಏನಾಗುತ್ತದೆ ಎಂದು ನಾನು ಕೇಳಿಯೇಬಿಟ್ಟೆ. ತಮಾರ್ ಸಿಟ್ಟಾಗಲಿಲ್ಲ. ದೇವರು ಲೆಕ್ಕ ಇಡುತ್ತಾನೋ ಇಲ್ಲವೋ ತನಗೆ ಗೊತ್ತಿಲ್ಲ, ಆದರೆ ಅಜ್ಜಿ ಪ್ರತಿ ಶುಕ್ರವಾರ ದೀಪ ಹಚ್ಚುವಾಗ ಒಂದು ಬದಿಯಲ್ಲಿ ತಾನು, ಇನ್ನೊಂದು ಬದಿಯಲ್ಲಿ ಲಿಡಿಯಾ ನಿಂತಿರುತ್ತಿದ್ದೆವು, ಅದನ್ನು ಬಿಡಲು ಮನಸ್ಸಿಲ್ಲ ಎಂದಳು. ಲಿಡಿಯಾ ತಟ್ಟೆ ನೋಡುತ್ತಾ ಕೂತಳು. ನಾನು ಮತ್ತೆ ಆ ಮಾತೆತ್ತಲಿಲ್ಲ.

ದಾರಿ ತೋರಿಸಿದವರು ಬೆಂಗ್ರೆಯ ಮೈಮೂನಕ್ಕ. ಮೀನು ಕತ್ತರಿಸುವ ಕೆಲಸಕ್ಕೆ ಹೋಗುವ ಹೆಂಗಸು, ಅವರ ಮಗಳು ಪಾತು ತಮಾರ್‌ಳ ತರಗತಿಯಲ್ಲಿದ್ದಳು. ಶುಕ್ರವಾರ ಬೆಳಿಗ್ಗೆ ಅವರೇ ಫೋನ್ ಮಾಡಿ, ಟೀಚರ್ ಹೊತ್ತು ಮುಳುಗುವ ಮೊದಲೇ ಬಂದು ತಮ್ಮ ಮನೆಯಲ್ಲಿ ಉಳಿಯಲಿ ಎಂದರು. ಇಸ್ರೇಲಿನ ಸುದ್ದಿ ಟಿವಿಯಲ್ಲಿ ದಿನವೂ ಬರುವ ಕಾಲ, ಅಕ್ಕಪಕ್ಕದವರು ಏನೆಂದಾರು ಎಂದು ಲಿಡಿಯಾ ಅಳುಕುತ್ತಲೇ ಕೇಳಿದಳು. ಮೈಮೂನಕ್ಕನ ಉತ್ತರ ಸ್ಪೀಕರಿನಲ್ಲಿ ನನಗೂ ಕೇಳಿಸಿತು. "ನನ್ನ ಮಗಳಿಗೆ ಕಲಿಸ್ಲಿಕ್ಕೆ ಬಂದ ಹುಡುಗಿ ಅಲ್ವಾ? ಮತ್ತೆ ಎಂತ ಕೇಳ್ಲಿಕ್ಕುಂಟು?"

ತಮಾರ್ ಮತ್ತು ನಾನು ಮಧ್ಯಾಹ್ನವೇ ಹೊರಟೆವು. ಬಂದರಿನ ಬೀದಿಗಳಲ್ಲಿ ಒಣಮೆಣಸಿನ ಘಾಟು, ದೋಣಿಗಳು ನಿಲ್ಲುವ ದಕ್ಕೆಯ ಹತ್ತಿರ ಬಂದಂತೆ ಮೀನಿನ ವಾಸನೆ. ದೋಣಿಗೆ ಹತ್ತು ರೂಪಾಯಿ ಕೊಟ್ಟೆವು. ಸೈಕಲ್, ತರಕಾರಿ ಮೂಟೆ, ಶಾಲೆ ಬಿಟ್ಟ ಮಕ್ಕಳು, ನಾವು. ಹತ್ತು ನಿಮಿಷದಲ್ಲಿ ಆಚೆ ದಡ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಮರಳಿನ ಪಟ್ಟಿಯ ಮೇಲೆ ಮನೆಗಳು. ಇಳಿದ ಕೂಡಲೇ ಮಕ್ಕಳು "ಖರ್ಜೂರ ಟೀಚರ್" ಎನ್ನುತ್ತಾ ಸುತ್ತಿಕೊಂಡರು. ಅರಬಿಯಲ್ಲಿ ತಮರ್ ಎಂದರೆ ಖರ್ಜೂರ, ಮದ್ರಸಕ್ಕೆ ಹೋಗುವ ಮಕ್ಕಳಿಗೆ ಅದು ಗೊತ್ತು.

ಮೈಮೂನಕ್ಕ ಅಡುಗೆಗೆ ಹೊಸ ಮಣ್ಣಿನ ಪಾತ್ರೆ ತಂದಿದ್ದರು. ಸಿಗಡಿ ತಮಾರ್‌ಳಿಗೆ ವರ್ಜ್ಯ, ಅದು ಬೆಂದ ಪಾತ್ರೆಯೂ ಆಗದು. ಈಜುರೆಕ್ಕೆ ಮತ್ತು ಹುರುಪೆ ಇರುವ ಮೀನು ಆಗುತ್ತದೆ. ಅದಕ್ಕೆ ಬಂಗುಡೆ ಸಾರು, ಅಕ್ಕಿ ರೊಟ್ಟಿ. ಹೊತ್ತು ಮುಳುಗುವ ಮೊದಲೇ ನಾಳೆಗೂ ಸೇರಿಸಿ ಮಾಡಿಟ್ಟಿದ್ದರು. ಮೀನು ಸಾರಿಗೆ ರುಚಿ ಬರುವುದೇ ಮರುದಿನ ಎಂದು ಅವರ ವಾದ. ತಮಾರ್ ತಲೆಗೆ ಬಟ್ಟೆ ಹೊದ್ದು ಎರಡು ಮೇಣದಬತ್ತಿ ಹಚ್ಚಿದಳು. ಕಡಲ ಗಾಳಿಗೆ ಜ್ವಾಲೆ ಬಾಗಿತು. ಮೈಮೂನಕ್ಕ ಎಣ್ಣೆಯ ಡಬ್ಬವೊಂದನ್ನು ತಂದು ಅಡ್ಡ ಇಟ್ಟರು. ಸ್ವಲ್ಪ ಹೊತ್ತಿಗೆ ಬಾಂಗು ಕೇಳಿಸಿತು, ಅವರು ಒಳಗೆ ನಮಾಜಿಗೆ ಹೋದರು. ನಾನು ಎರಡು ಕೋಣೆಗಳ ನಡುವಿನ ಹೊಸ್ತಿಲ ಬಳಿ ಸುಮ್ಮನೆ ಕೂತಿದ್ದೆ. ಮನಸ್ಸು ಹಗುರವಾದಂತಿತ್ತು.

ಪಾತುವಿಗೆ ಹನ್ನೆರಡು ವರ್ಷ. ತಾಯಿ ಕೆಲಸಕ್ಕೆ ಹೋದಾಗ ತಮ್ಮನನ್ನು ನೋಡಿಕೊಳ್ಳಲು ಎರಡು ವರ್ಷದಿಂದ ಶಾಲೆ ಬಿಟ್ಟಿದ್ದಳು. ಈಗ ಎಂಟು ವರ್ಷದವರ ಜೊತೆ ಕೂರಬೇಕಾದ ನಾಚಿಕೆಗೆ ಸಂಜೆಯ ತರಗತಿಯಲ್ಲಿ ಬಾಯಿಯೇ ಬಿಡುವುದಿಲ್ಲವಂತೆ. ಶನಿವಾರ ಬೆಳಿಗ್ಗೆ ಜಗಲಿಯಲ್ಲಿ ನನ್ನ ಪುಸ್ತಕಗಳನ್ನು ಒಂದೊಂದಾಗಿ ತೆಗೆದು ಪಿಸುದನಿಯಲ್ಲಿ ಓದಿದಳು. ನಾಲ್ಕನೇ ತರಗತಿಯದೂ ಮುಗಿಯಿತು. ಎಲ್ಲೂ ತಡವರಿಸಲಿಲ್ಲ.

ನಾಲ್ಕು ಗಂಟೆಗೆ ಕೋಣೆ ತುಂಬಿತು. ಲಿಡಿಯಾ ಮತ್ತು ಗಾಬಿ ಆಗಷ್ಟೇ ದೋಣಿಯಲ್ಲಿ ಬಂದಿದ್ದರು. ಇದಿನಬ್ಬ ಹಾಜಿ ಬಿಳಿ ಅಂಗಿಯ, ನಿಧಾನ ಮಾತಿನ ಮುದುಕರು. ಮಕ್ಕಳು ಕನ್ನಡ ಓದಿದರು, ಗಾಬಿ ಕಲಿಸಿದ ಮಗ್ಗಿ ಹೇಳಿದರು. ಹಾಜಿಯವರು ಎಲ್ಲ ಕೇಳಿ, ಇದು ಬಾಯಿಪಾಠವೂ ಇರಬಹುದು, ಟೀಚರ್ ಬೋರ್ಡಿನಲ್ಲಿ ಬರೆದು ಒಂದು ಪಾಠ ಮಾಡಲಿ ಎಂದರು.

ಇವತ್ತು ಬರೆಯಲಾರೆ ಎಂದು ತಮಾರ್ ಹೇಳಿದಳು. ಕಾರಣವನ್ನು ಲಿಡಿಯಾ ವಿವರಿಸಿದಳು.

"ಬರೀಲಿಕ್ಕೆ ಆಗುದಿಲ್ಲ ಅಂದ್ರೆ ನಾನು ನೋಡುದು ಎಂತದನ್ನು?" ಎಂದರು ಹಾಜಿಯವರು. ಕೋಪವಿರಲಿಲ್ಲ, ನಿಜವಾದ ಪ್ರಶ್ನೆಯೇ. ತಂಗಿಯ ಮಗ ಬಾಗಿಲಲ್ಲಿ ನಿಂತು ಗೋಡೆಯ ಉದ್ದ ಅಳೆಯುವಂತೆ ನೋಡುತ್ತಿದ್ದ.

ನಾನೇ ಬರೆಯೋಣವೆಂದು ಎದ್ದೆ. ತಮಾರ್ ಕೈ ಅಡ್ಡ ಮಾಡಿ ನನ್ನನ್ನು ಕೂರಿಸಿದಳು. ಮಕ್ಕಳ ಕಡೆ ತಿರುಗಿ, "ಇವತ್ತು ಟೀಚರ್ ಯಾರು?" ಎಂದಳು, ಅಷ್ಟೇ. ಯಾರೂ ಅಲುಗಲಿಲ್ಲ. ಕೊನೆಯ ಸಾಲಿನಿಂದ ಪಾತು ಎದ್ದಳು. ತಮ್ಮನನ್ನು ಪಕ್ಕದವಳ ಮಡಿಲಿಗೆ ದಾಟಿಸಿ, ಚಾಕ್ ತೆಗೆದುಕೊಂಡು, ಹಾಜಿಯವರಿಗೆ ಬೆನ್ನು ಹಾಕಿ ನಿಂತು ಏನು ಬರೆಯಬೇಕೆಂದು ಕೇಳಿದಳು.

"ನನ್ನ ಹೆಸರು ಬರಿ. ಇಂಗ್ಲಿಷಲ್ಲಿ," ಎಂದರು ಹಾಜಿಯವರು.

ಪಾತು ತುಟಿಯಲ್ಲೇ ಹೆಸರನ್ನು ಒಡೆದು ಒಡೆದು ಹೇಳಿಕೊಂಡು ಬರೆದಳು. ಹಾಜಿಯವರು ಜೇಬಿನಿಂದ ಮರುದಿನದ ವಿಮಾನದ ಟಿಕೆಟ್ ತೆಗೆದು ಹೋಲಿಸಿದರು. ಬೋರ್ಡಿನಲ್ಲಿ ಒಂದು ಅಕ್ಷರ ಹೆಚ್ಚಿದೆ ಎಂದರು. ಪಾತು ಟಿಕೆಟ್ ಈಸಿಕೊಂಡು ನೋಡಿದಳು.

"ಹಾಜಿಯವರೇ, ಇದ್ರಲ್ಲೇ ಒಂದು ಬಿ ಕಮ್ಮಿ ಉಂಟು. ಬ್ಬ ಅಂತ ಒತ್ತಿ ಹೇಳುವಾಗ ಎರಡು ಬಿ ಬೇಕು. ಇದನ್ನು ಓದಿದ್ರೆ ಇದಿನಬ ಅಂತ ಆಗ್ತದೆ."

ಆ ಮುದುಕರು ಟಿಕೆಟ್ ಮರಳಿ ಪಡೆದು ಕಣ್ಣ ಹತ್ತಿರ ಹಿಡಿದು ನೋಡಿದರು. ಆಮೇಲೆ ಹೊಟ್ಟೆ ಕುಲುಕುವಂತೆ ನಗತೊಡಗಿದರು. ಹಿಂದೆ ಪಾಸ್‌ಪೋರ್ಟಿನ ಫಾರಂ ತುಂಬಿಸಿದ ಯಾವನೋ ಏಜೆಂಟ್ ಬರೆದದ್ದು ಹಾಗೆಯೇ ಉಳಿದಿತ್ತಂತೆ. ಅಂದಿನಿಂದ ಪ್ರತಿ ವಿಮಾನ ನಿಲ್ದಾಣದಲ್ಲೂ ಅರ್ಧ ಹೆಸರು ನುಂಗಿ ಕರೆಯುವುದೇಕೆ ಎಂದು ಅವರಿಗೆ ಈಗ ತಿಳಿಯಿತು. ಇಡೀ ಕೋಣೆ ನಕ್ಕಿತು, ಬಾಗಿಲಲ್ಲಿದ್ದ ತಂಗಿಯ ಮಗನೂ ನಕ್ಕ.

"ಬೇರೆ ಜಾಗ ನೋಡು ಮಾರಾಯ," ಎಂದರು ಅವನಿಗೆ. "ಬಂದ ಮೇಲೆ ನನ್ನ ಪಾಸ್‌ಪೋರ್ಟ್ ರಿನೀವಲ್ ಉಂಟು. ಫಾರಂ ಇವಳೇ ತುಂಬಿಸ್ಬೇಕು. ಅಲ್ಲಿಯವರೆಗೆ ಇವಳು ಇಲ್ಲೇ ಕಲೀಲಿ, ಜೂನಿಗೆ ಶಾಲೆಗೂ ಹೋಗ್ಲಿ."

ಮೈಮೂನಕ್ಕ ಹಿಂದೆ ನಿಂತು ಸೆರಗಿನ ತುದಿಯಿಂದ ಮುಖ ಒರೆಸಿಕೊಂಡರು. ಗಾಬಿ ಮಕ್ಕಳನ್ನು ಮರಳಿಗೆ ಕರೆದುಕೊಂಡು ಹೋಗಿ ಫುಟ್‌ಬಾಲ್ ಆಡಿ ಚೆನ್ನಾಗಿ ಸೋತ.

ಹೊತ್ತು ಮುಳುಗಿತು. ಮೂರು ನಕ್ಷತ್ರ ಕಾಣದೆ ತಮಾರ್ ದೋಣಿ ಹತ್ತುವಂತಿರಲಿಲ್ಲ. ದಡದಲ್ಲಿ ಮಕ್ಕಳೆಲ್ಲ ಕತ್ತೆತ್ತಿ ನಿಂತರು. ಮೊದಲನೆಯದು ಬೇಗ ಸಿಕ್ಕಿತು. ಎರಡನೆಯದಕ್ಕೆ ಜಗಳವಾಯಿತು, ಅದು ಬೋಟಿನ ಲೈಟು ಎಂದು ಪಾತು ತಳ್ಳಿಹಾಕಿದಳು. ನಿಜವಾದ ಎರಡನೆಯದು ತೆಂಗಿನ ಗರಿಯ ಮೇಲೆ ಕಂಡಿತು. ಮೂರನೆಯದು ಕಂಡರೂ ಯಾರೂ ಹೇಳುತ್ತಿಲ್ಲ ಎಂದು ನನಗೆ ಅನುಮಾನ. ಅದು ನಮ್ಮ ನೆತ್ತಿಯ ಮೇಲೆಯೇ ಇತ್ತು. ತಮಾರ್‌ಳೂ ನೋಡಿದ್ದಳು. ಅವಳೂ ಬಾಯಿಬಿಡದೆ ಮಕ್ಕಳ ಮಧ್ಯೆ ನಿಂತೇ ಇದ್ದಳು. ದೋಣಿಯವನು ಎರಡು ಸಲ ಕರೆದ. ನಾವು ಯಾರೂ ಹತ್ತಲಿಲ್ಲ.